ಸ್ವತಂತ್ರ ಬ್ಲಾಗುಗಳ ಹೊಸ ಬರಹ: ಹುಡುಕುವುದು ಹೇಗೆ, ತಪ್ಪಿಸಿಕೊಳ್ಳದೆ ಓದುವುದು ಹೇಗೆ

ಬ್ಲಾಗ್ ಹುಡುಕಲು ಹೊರಡುವ ಮೊದಲು ಒಂದು ಫೀಡ್ ರೀಡರ್ (ನೀವು ಆಯ್ದ ಬ್ಲಾಗುಗಳ ಹೊಸ ಬರಹಗಳನ್ನು ಒಂದೆಡೆ ತಂದುಕೊಡುವ ತಂತ್ರಾಂಶ) ಸಿದ್ಧ ಮಾಡಿಟ್ಟುಕೊಳ್ಳಿ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಚೆಂದದ ಬ್ಲಾಗ್ ಕಂಡರೆ ಬುಕ್‌ಮಾರ್ಕ್ ಹಾಕಿ, ಎರಡು ವಾರ ಬಿಟ್ಟು ಹೋಗಿ ನೋಡಿ, ಹೊಸದೇನೂ ಇಲ್ಲವೆಂದು ಮರೆತುಬಿಡುತ್ತಾರೆ. ಸ್ವಂತ ಖುಷಿಗೆ ಬರೆಯುವವರು ವರ್ಷಕ್ಕೆ ನಾಲ್ಕೋ ಐದೋ ಬರಹ ಹಾಕಿದರೆ ಹೆಚ್ಚು. ಅವರು ಯಾವಾಗ ಬರೆದಾರು ಎಂದು ಕಾಯುತ್ತ ಕೂರುವುದು ಮನುಷ್ಯರ ಕೆಲಸವಲ್ಲ, ತಂತ್ರಾಂಶದ ಕೆಲಸ.

ಫೀಡ್ ಎಂದರೆ ಬ್ಲಾಗಿನ ಇತ್ತೀಚಿನ ಬರಹಗಳ ಶೀರ್ಷಿಕೆ, ದಿನಾಂಕ, ಕೊಂಡಿ ಮತ್ತು ಪಠ್ಯ ಇರುವ ಒಂದು ಕಡತ. ಬ್ಲಾಗ್ ನಡೆಸಲು ಬಳಸುವ ಬ್ಲಾಗರ್, ವರ್ಡ್‌ಪ್ರೆಸ್ ಸೇವೆಗಳು ಇದನ್ನು ತಾವಾಗಿಯೇ ತಯಾರಿಸುತ್ತವೆ. ಬರೆಯುವವರಿಗೆ ಅದು ಇರುವುದೇ ಗೊತ್ತಿರುವುದಿಲ್ಲ. 1999ರಲ್ಲಿ ನೆಟ್‌ಸ್ಕೇಪ್ ಶುರು ಮಾಡಿದ ಆರ್‌ಎಸ್‌ಎಸ್ ಒಂದು ಬಗೆ, 2005ರಲ್ಲಿ ಮಾನಕವಾದ ಆಟಂ ಇನ್ನೊಂದು. ಎಲ್ಲ ರೀಡರ್‌ಗಳೂ ಎರಡನ್ನೂ ಓದುವುದರಿಂದ ಯಾವುದು ಸಿಕ್ಕಿದರೂ ಸರಿ. ಆದರೆ ಗೂಗಲ್‌ನಲ್ಲಿ ಬರೀ ಆರ್‌ಎಸ್‌ಎಸ್ ಎಂದು ಹುಡುಕಬೇಡಿ, ನಾಗಪುರದ ಸುದ್ದಿ ಬರುತ್ತದೆ. ಜೊತೆಗೆ ಫೀಡ್ ಎಂದೂ ಸೇರಿಸಿ.

ಯಾವ ರೀಡರ್? ಆಂಡ್ರಾಯ್ಡ್ ಫೋನಾದರೆ ‘ಫೀಡರ್’ ಸಾಕು. ಉಚಿತ, ಮುಕ್ತ ತಂತ್ರಾಂಶ, ಖಾತೆ ತೆರೆಯುವ ಗೋಜಿಲ್ಲ. ಐಫೋನ್ ಮತ್ತು ಮ್ಯಾಕ್‌ಗೆ ನೆಟ್‌ನ್ಯೂಸ್‌ವೈರ್. ಇಮೇಲ್‌ಗೆ ಥಂಡರ್‌ಬರ್ಡ್ ಬಳಸುವವರು ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ, ಅದರಲ್ಲೇ ಫೀಡ್ ಖಾತೆ ತೆರೆಯಬಹುದು. ಫೋನಿನಲ್ಲಿ ಓದಿದ್ದು ಕಂಪ್ಯೂಟರಿನಲ್ಲೂ ‘ಓದಿದೆ’ ಎಂದು ಕಾಣಬೇಕೆನ್ನುವವರಿಗೆ ಇನೊರೀಡರ್ ಅಥವಾ ಫೀಡ್ಲಿ. ಇವುಗಳ ಉಚಿತ ಖಾತೆಗೆ ಮಿತಿಯಿದೆ: ಮೊದಲನೆಯದರಲ್ಲಿ 150 ಫೀಡ್, ಎರಡನೆಯದರಲ್ಲಿ 100. ಶುರುವಿನಲ್ಲಿ ಅಷ್ಟು ಬೇಕಾಗುವುದೇ ಇಲ್ಲ.

ಹೊಸ ಬರಹ ಬಂತೇ ಎಂದು ನೋಡುವ ಅವಧಿಯನ್ನು ಒಂದು ಗಂಟೆಗಿಂತ ಕಡಿಮೆ ಇಡಬೇಡಿ. ಹದಿನೈದು ನಿಮಿಷಕ್ಕೊಮ್ಮೆ ಬಾಗಿಲು ತಟ್ಟುವ ರೀಡರನ್ನು ಕೆಲವು ಸರ್ವರ್‌ಗಳು 429 ಎಂಬ ಸಂಖ್ಯೆ ತೋರಿಸಿ ತಡೆಯುತ್ತವೆ. ಖಾಸಗಿ ಬ್ಲಾಗುಗಳಿಗೆ ದಿನಕ್ಕೆ ಎರಡು ಸಲ ಧಾರಾಳವಾಯಿತು. ಆಂಡ್ರಾಯ್ಡ್‌ನಲ್ಲಿ ಹೊಸದೇನೂ ಬರುತ್ತಿಲ್ಲ ಎನಿಸಿದರೆ ಮೊದಲು ಬ್ಯಾಟರಿ ಸೆಟ್ಟಿಂಗ್ ನೋಡಿ. ಫೋನೇ ಆ್ಯಪನ್ನು ಹಿನ್ನೆಲೆಯಲ್ಲಿ ಮಲಗಿಸಿರುತ್ತದೆ.

ಫೀಡಿನ ವಿಳಾಸ

ಬ್ಲಾಗಿನ ಮುಖಪುಟದ ವಿಳಾಸವನ್ನು ರೀಡರಿಗೆ ಕೊಟ್ಟರೆ ಹೆಚ್ಚಿನ ಸಲ ಅದೇ ಫೀಡನ್ನು ಹುಡುಕಿಕೊಳ್ಳುತ್ತದೆ. ಆಗದಿದ್ದರೆ ಕೈಯಾರೆ ಬರೆಯಬೇಕು. ಇಲ್ಲಿ ಕನ್ನಡದಲ್ಲಿ ಕೊಟ್ಟ ಪದಗಳನ್ನು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಜಾಗ ಬಿಡದೆ ಬರೆಯಿರಿ.

ಬ್ಲಾಗ್‌ಸ್ಪಾಟ್ (ಬ್ಲಾಗರ್ ಕೊಡುವ ವಿಳಾಸ) ಆದರೆ ವಿಳಾಸದ ಕೊನೆಗೆ /ಫೀಡ್ಸ್/ಪೋಸ್ಟ್ಸ್/ಡಿಫಾಲ್ಟ್. ಸ್ವಂತ ಡೊಮೇನ್ ಹಾಕಿಕೊಂಡ ಬ್ಲಾಗರ್ ತಾಣಕ್ಕೂ ಇದೇ ನಡೆಯುತ್ತದೆ. ವರ್ಡ್‌ಪ್ರೆಸ್‌ಗೆ /ಫೀಡ್/ ಅಷ್ಟೇ, ಕೊನೆಯಲ್ಲಿ ಎಸ್ ಇಲ್ಲ. ಸಬ್‌ಸ್ಟ್ಯಾಕ್‌ಗೂ /ಫೀಡ್, ಘೋಸ್ಟ್‌ಗೆ /ಆರ್‌ಎಸ್‌ಎಸ್/. ಮೀಡಿಯಂನಲ್ಲಿ ಮಾತ್ರ ಫೀಡ್ ಎಂಬುದು ಬರೆದವರ ಹೆಸರಿನ ಮುಂಚೆ ಬರುತ್ತದೆ. ಇದ್ಯಾವುದೂ ನಡೆಯದಿದ್ದರೆ ಕಂಪ್ಯೂಟರಿನಲ್ಲಿ ಕಂಟ್ರೋಲ್ ಮತ್ತು ಯು ಒತ್ತಿ ಪುಟದ ಮೂಲ ತೆರೆದು, ಆಲ್ಟರ್ನೇಟ್ ಎಂಬ ಇಂಗ್ಲಿಷ್ ಪದ ಹುಡುಕಿ. ಫೀಡ್ ಇದ್ದರೆ ಅದರ ವಿಳಾಸ ಸಾಮಾನ್ಯವಾಗಿ ಆ ಸಾಲಿನಲ್ಲೇ ಇರುತ್ತದೆ. ವರ್ಡ್‌ಪ್ರೆಸ್ ಪುಟದಲ್ಲಿ ಅಂಥ ಎರಡು ಸಾಲು ಸಿಗುವುದುಂಟು: ಒಂದು ಬರಹಗಳದ್ದು, ಇನ್ನೊಂದು ಪ್ರತಿಕ್ರಿಯೆಗಳದ್ದು. ಕಾಮೆಂಟ್ಸ್ ಎಂದಿರುವುದನ್ನು ಬಿಡಿ. ಇಲ್ಲದಿದ್ದರೆ ರೀಡರಿನ ತುಂಬ ‘ಚೆನ್ನಾಗಿದೆ ಸರ್’ ಎಂಬುದೇ ಬಂದು ಬೀಳುತ್ತದೆ.

ಒಬ್ಬರು ಹತ್ತು ವಿಷಯ ಬರೆದು, ನಿಮಗೆ ಒಂದೇ ಬೇಕಿದ್ದರೆ ಅದಕ್ಕೂ ದಾರಿಯಿದೆ. ಬ್ಲಾಗ್‌ಸ್ಪಾಟ್ ಫೀಡಿನ ಕೊನೆಗೆ /-/ ಹಾಕಿ ಲೇಬಲ್ ಬರೆಯಿರಿ. ಲೇಬಲ್ ಕನ್ನಡದಲ್ಲಿದ್ದರೆ ಟೈಪ್ ಮಾಡಲು ಹೋಗದೆ, ಬ್ಲಾಗಿನಲ್ಲಿ ಆ ಲೇಬಲ್ ಒತ್ತಿದಾಗ ಬ್ರೌಸರಿನ ಮೇಲ್ಗಡೆಯ ವಿಳಾಸದಲ್ಲಿ ಬರುವ ಲೇಬಲಿನ ಭಾಗವನ್ನೇ ನಕಲಿಸಿ. ‘ಪ್ರವಾಸ’ ಮತ್ತು ‘ಪ್ರವಾಸಗಳು’ ಬೇರೆ ಬೇರೆ ಲೇಬಲ್. ಒಂದಕ್ಷರ ತಪ್ಪಿದರೂ ಫೀಡ್ ಖಾಲಿ ಬರುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಇದು ಇನ್ನೂ ಸಲೀಸು: ವರ್ಗದ ಪುಟ ತೆರೆದು ಅದರ ವಿಳಾಸಕ್ಕೆ /ಫೀಡ್/ ಅಂಟಿಸಿ.

ಹೊಸದಾಗಿ ಸೇರಿಸಿದ ಬ್ಲಾಗಿನ ಹಳೆಯ ಬರಹಗಳು ಪೂರ್ತಿ ಬರುವುದಿಲ್ಲ. ವರ್ಡ್‌ಪ್ರೆಸ್ ಫೀಡಿನಲ್ಲಿ ಸಾಮಾನ್ಯವಾಗಿ ಇರುವುದು ಕೊನೆಯ 10, ಬ್ಲಾಗರಿನಲ್ಲಿ 25. ಹಿಂದಿನದೂ ಬೇಕಿದ್ದರೆ ಬ್ಲಾಗರ್ ಫೀಡಿಗೆ ?ಮ್ಯಾಕ್ಸ್-ರಿಸಲ್ಟ್ಸ್=100 ಎಂದು, ವರ್ಡ್‌ಪ್ರೆಸ್ ಫೀಡಿಗೆ ?ಪೇಜ್ಡ್=2, ಆಮೇಲೆ 3 ಎಂದು ಸೇರಿಸಿ ಬ್ರೌಸರಿನಲ್ಲಿ ತೆರೆಯಿರಿ.

ಹುಡುಕಾಟ

ಕನ್ನಡದ ಮಟ್ಟಿಗೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಸರ್ಚ್ ಎಂಜಿನ್ ಅಲ್ಲ, ಬ್ಲಾಗಿನ ಪಕ್ಕದ ಪಟ್ಟಿ. ಬ್ಲಾಗರಿನಲ್ಲಿ ‘ಬ್ಲಾಗ್ ಪಟ್ಟಿ’ ಎಂಬ ಗ್ಯಾಜೆಟ್ ಇದೆ. ಅದು ಬರೀ ಕೊಂಡಿಗಳ ಸಾಲಲ್ಲ. ಪಟ್ಟಿಯಲ್ಲಿರುವ ಪ್ರತಿ ಬ್ಲಾಗಿನ ಫೀಡನ್ನು ತಾನೇ ಓದಿ, ಇತ್ತೀಚೆಗೆ ಬರೆದವರನ್ನು ಮೇಲಕ್ಕೆ ತಂದು, ಕೆಳಗೆ ‘3 ದಿನಗಳ ಹಿಂದೆ’, ‘9 ವರ್ಷಗಳ ಹಿಂದೆ’ ಎಂದು ತೋರಿಸುತ್ತದೆ. ಬ್ಲಾಗಿನ ಒಡೆಯರು ಬರೆಯುವುದು ನಿಲ್ಲಿಸಿ ಹತ್ತು ವರ್ಷವಾಗಿದ್ದರೂ ಪಟ್ಟಿ ಇಂದಿಗೂ ನಡೆಯುತ್ತಿರುತ್ತದೆ. ಆದ್ದರಿಂದ ನಿಂತುಹೋದ ಬ್ಲಾಗ್ ಸಿಕ್ಕಿತೆಂದು ವಾಪಸಾಗಬೇಡಿ. ಪಕ್ಕದ ಪಟ್ಟಿಯ ಮೇಲಿನ ಐದಾರು ಹೆಸರು ನೋಡಿ, ಅಲ್ಲಿಂದ ಅವರ ಪಟ್ಟಿಗೆ ಹೋಗಿ. ಮೂರು ಮನೆ ದಾಟುವಷ್ಟರಲ್ಲಿ ಅದೇ ಹೆಸರುಗಳು ಮರಳಿ ಬರತೊಡಗಿದರೆ ಆ ಬಳಗ ಮುಗಿಯಿತೆಂದು ಅರ್ಥ. ಬೇರೆ ಕಡೆಯಿಂದ ಶುರು ಮಾಡಿ.

ಫೋನಿನಲ್ಲಿ ನೋಡುವಾಗ ಅನೇಕ ಬ್ಲಾಗುಗಳಲ್ಲಿ ಈ ಪಟ್ಟಿಯೇ ಕಾಣುವುದಿಲ್ಲ, ಮೊಬೈಲ್ ವಿನ್ಯಾಸ ಅದನ್ನು ಅಡಗಿಸಿರುತ್ತದೆ. ವಿಳಾಸದ ಕೊನೆಯ ?ಎಂ=1 ಅನ್ನು ?ಎಂ=0 ಮಾಡಿದರೆ ಕಂಪ್ಯೂಟರಿನ ರೂಪ ತೆರೆದುಕೊಳ್ಳುತ್ತದೆ.

ಹಳೆಯ ಪಟ್ಟಿಗಳಲ್ಲಿ ಇನ್ನೊಂದು ತೊಡಕು ಇದೆ. ಗೂಗಲ್ ಹಿಂದೊಮ್ಮೆ ಭಾರತದ ಓದುಗರನ್ನು ಬ್ಲಾಗ್‌ಸ್ಪಾಟ್ ಡಾಟ್ ಇನ್ ವಿಳಾಸಕ್ಕೆ ತಿರುಗಿಸುತ್ತಿತ್ತು. ಆ ಕಾಲದಲ್ಲಿ ನಕಲಿಸಿದ ಕೊಂಡಿಗಳಲ್ಲಿ ಅದೇ ಉಳಿದಿದೆ. 2020ರಲ್ಲಿ ಆ ಡೊಮೇನ್ ಗೂಗಲ್ ಕೈತಪ್ಪಿತು. ಕೊಂಡಿಗಳೆಲ್ಲ ಒಮ್ಮೆಗೇ ಸತ್ತವು. ಬ್ಲಾಗ್ ಮಾತ್ರ ಸತ್ತಿಲ್ಲ. ‘ಇನ್’ ತೆಗೆದು ‘ಕಾಮ್’ ಹಾಕಿದರೆ ಬಹಳಷ್ಟು ತೆರೆಯುತ್ತವೆ.

ಗೂಗಲ್ ಬಳಸುವುದಾದರೆ ಸೈಟ್ ಎಂಬ ಪದ, ವಿಸರ್ಗದಂಥ ಎರಡು ಚುಕ್ಕಿ, ಬ್ಲಾಗ್‌ಸ್ಪಾಟ್ ಡಾಟ್ ಕಾಮ್ ಎಂದು ಬರೆದು ಪಕ್ಕದಲ್ಲಿ ಕನ್ನಡ ಪದ ಹಾಕಿ. ವರ್ಡ್‌ಪ್ರೆಸ್ ಡಾಟ್ ಕಾಮ್‌ಗೆ ಬೇರೆಯಾಗಿ ಹುಡುಕಿ. ಪದದ ಆಯ್ಕೆಯಲ್ಲೇ ಗುಟ್ಟಿರುವುದು. ಉದಾಹರಣೆಗೆ, ‘ಮಂಗಟ್ಟೆ’ (ಒಂದು ಹಕ್ಕಿ) ಎಂದಷ್ಟೇ ಕೊಟ್ಟರೆ ಪರೀಕ್ಷೆಯ ಸಾಮಾನ್ಯ ಜ್ಞಾನ ಬಂದು ಕೂರುತ್ತದೆ. ‘ಮಂಗಟ್ಟೆ’ ಜೊತೆ ‘ನೋಡಿದೆವು’ ಎಂದೋ ‘ಕಂಡೆ’ ಎಂದೋ ಸೇರಿಸಿ. ಪತ್ರಿಕೆಯವರು ‘ಕಂಡುಬಂದಿದೆ’ ಎಂದು ಬರೆಯುತ್ತಾರೆ, ಕಾಡಿಗೆ ಹೋಗಿ ಬಂದವರು ‘ನೋಡಿದ್ವಿ’ ಎನ್ನುತ್ತಾರೆ. ಉತ್ತಮ ಪುರುಷದ ಕ್ರಿಯಾಪದವೇ ಇಲ್ಲಿ ಜರಡಿ. ವಿಭಕ್ತಿ ಬದಲಿಸಿಯೂ ಹುಡುಕಿ, ‘ಮಂಗಟ್ಟೆಯ’, ‘ಮಂಗಟ್ಟೆಗಳು’. ಆಮೇಲೆ ‘ಪರಿಕರಗಳು’ ಒತ್ತಿ ಅವಧಿಯನ್ನು ಕಳೆದ ಒಂದು ವರ್ಷಕ್ಕೆ ಇಳಿಸಿ. ಒಂದು ವಾರಕ್ಕೆ ಇಳಿಸಿದರೆ ಏನೂ ಉಳಿಯುವುದಿಲ್ಲ.

ಹೀಗೆ ಫಲ ಕೊಟ್ಟ ಪದಗುಚ್ಛವನ್ನು ಗೂಗಲ್ ಅಲರ್ಟ್ಸ್‌ಗೆ ಹಾಕಿಡಬಹುದು. ಆಯ್ಕೆಗಳಲ್ಲಿ ಮೂಲವನ್ನು ‘ಬ್ಲಾಗ್‌ಗಳು’ ಎಂದೂ, ತಲುಪಿಸುವ ಬಗೆಯನ್ನು ಇಮೇಲ್ ಬದಲು ಆರ್‌ಎಸ್‌ಎಸ್ ಫೀಡ್ ಎಂದೂ ಮಾಡಿದರೆ ಫಲಿತಾಂಶ ನೇರ ರೀಡರಿಗೆ ಬರುತ್ತದೆ. ಕಸವೂ ಬರುತ್ತದೆ, ಅದಕ್ಕೆ ಸಿದ್ಧರಿರಿ.

ಇಂಗ್ಲಿಷ್ ಬ್ಲಾಗುಗಳಿಗೆ ದಾರಿಗಳು ಹೆಚ್ಚು. ಓ-ಓ-ಎಚ್ ಡಾಟ್ ಡೈರೆಕ್ಟರಿ 2022ರ ನವೆಂಬರಿನಲ್ಲಿ ಶುರುವಾದದ್ದು. ಎರಡು ಸಾವಿರಕ್ಕೂ ಹೆಚ್ಚು ಬ್ಲಾಗುಗಳನ್ನು ವಿಷಯವಾರು ಜೋಡಿಸಿದೆ, ಕೊನೆಯ ಬರಹ ಯಾವಾಗ ಬಂತೆಂದೂ ತೋರಿಸುತ್ತದೆ. ಕಾಗಿ ಎಂಬ ಸರ್ಚ್ ಎಂಜಿನ್ನಿನವರ ‘ಸ್ಮಾಲ್ ವೆಬ್’ ಇತ್ತೀಚಿನ ದಿನಗಳ ಬರಹಗಳನ್ನಷ್ಟೇ ಒಂದೊಂದಾಗಿ ಮುಂದಿಡುತ್ತದೆ. ಅದನ್ನು ಬಳಸಲು ಕಾಗಿಯ ಚಂದಾ ಬೇಡ. ಇಂಡೀಬ್ಲಾಗ್ ಡಾಟ್ ಪೇಜ್‌ನಲ್ಲಿ ಗುಂಡಿ ಒತ್ತಿದರೆ ಯಾವುದೋ ಊರಿನ ಯಾರದೋ ಬರಹ ತೆರೆಯುತ್ತದೆ. ಬೇರ್ ಬ್ಲಾಗ್‌ನ ಡಿಸ್ಕವರ್ ಪುಟದಲ್ಲಿ ‘ಜನಪ್ರಿಯ’ ಬಿಟ್ಟು ‘ಇತ್ತೀಚಿನವು’ ನೋಡಿ, ನಿಜವಾದ ವೈವಿಧ್ಯ ಅಲ್ಲಿದೆ. ನಿರ್ದಿಷ್ಟ ವಿಷಯದ ಹುಡುಕಾಟಕ್ಕೆ ಮಾರ್ಜಿನೇಲಿಯಾ: ಜಾಹೀರಾತು, ಸ್ಕ್ರಿಪ್ಟ್ ತುಂಬಿದ ತಾಣಗಳನ್ನು ಹಿಂದಿಟ್ಟು ಪಠ್ಯವೇ ಮುಖ್ಯವಾದ ಪುಟಗಳನ್ನು ಮೇಲೆ ತರುತ್ತದೆ. ಮುಕ್ತ ತಂತ್ರಾಂಶದವರಿಗೆ ಪ್ಲಾನೆಟ್ ಡೆಬಿಯನ್, ಪ್ಲಾನೆಟ್ ಗ್ನೋಮ್ ಇವೆ. ಆ ಬಳಗದವರ ಬ್ಲಾಗುಗಳೆಲ್ಲ ಒಂದೇ ಫೀಡಿನಲ್ಲಿ ಸಿಗುತ್ತವೆ.

ಕೆಡುವುದು ಎಲ್ಲಿ

ಹಳೆಯ ಬರಹಗಳೆಲ್ಲ ಒಮ್ಮೆಗೇ ‘ಹೊಸದು’ ಎಂದು ಬಂದು ಬಿದ್ದರೆ ಗಾಬರಿ ಬೇಡ. ಪ್ರತಿ ಬರಹಕ್ಕೂ ಫೀಡಿನಲ್ಲಿ ಒಂದು ಗುರುತಿನ ಸಂಖ್ಯೆಯೋ ವಿಳಾಸವೋ ಇರುತ್ತದೆ. ಬ್ಲಾಗ್ ಜಾಗ ಬದಲಿಸಿದಾಗ ಅದೂ ಬದಲಾಗಿ, ರೀಡರಿಗೆ ಎಲ್ಲವೂ ಹೊಸದಾಗಿ ಕಾಣುತ್ತದೆ. ‘ಎಲ್ಲ ಓದಿದೆ’ ಒತ್ತಿ ಮುಂದೆ ಹೋಗಿ.

ಮೌನ ಬೇರೆ, ಕೆಡುವುದು ಬೇರೆ. ಎರಡು ವರ್ಷದಿಂದ ಬರಹ ಬಂದಿಲ್ಲ, ಆದರೆ ರೀಡರ್ ದೋಷ ತೋರಿಸುತ್ತಿಲ್ಲ ಎಂದರೆ ಫೀಡ್ ಸರಿಯಿದೆ, ಬರೆಯುವವರು ಸುಮ್ಮನಿದ್ದಾರೆ. ತೆಗೆಯಬೇಡಿ, ಅದು ನಿಮ್ಮಿಂದ ಏನನ್ನೂ ಕೇಳುತ್ತಿಲ್ಲ. 404 ಬಂದರೆ ವಿಳಾಸ ಬದಲಾಗಿರಬಹುದು, ಮುಖಪುಟಕ್ಕೆ ಹೋಗಿ ಹೊಸದನ್ನು ಹುಡುಕಿ. 403 ಎಂದರೆ ಹೆಚ್ಚಾಗಿ ಸರ್ವರ್ ನಿಮ್ಮ ರೀಡರನ್ನು ರೋಬೋ ಎಂದುಕೊಂಡು ತಡೆದಿದೆ. ಬೇರೆ ರೀಡರಿನಲ್ಲಿ ಹಾಕಿ ನೋಡಿ. ಕಡತ ಓದಲಾಗುತ್ತಿಲ್ಲ ಎಂದರೆ ಫೀಡಿನ ಮೊದಲ ಸಾಲಿನ ಮುಂಚೆ ಖಾಲಿ ಸಾಲೊಂದು ನುಸುಳಿರುವ ಸಾಧ್ಯತೆ ಹೆಚ್ಚು. ವರ್ಡ್‌ಪ್ರೆಸ್ ಥೀಮ್ ತಿದ್ದಿದವರಿಂದ ಆಗುವ ಎಡವಟ್ಟು. ಡಬ್ಲ್ಯು3ಸಿ ಎಂಬ ವೆಬ್ ಮಾನಕ ಸಂಸ್ಥೆಯ ಫೀಡ್ ಪರೀಕ್ಷಕದಲ್ಲಿ ವಿಳಾಸ ಹಾಕಿದರೆ ಯಾವ ಸಾಲಿನಲ್ಲಿ ತಪ್ಪಿದೆ ಎಂದು ಬರುತ್ತದೆ, ಅದನ್ನು ಬ್ಲಾಗಿನವರಿಗೆ ಕಳಿಸಿ.

ಅಡುಗೆ ಬ್ಲಾಗಿನಿಂದ ಒಂದು ದಿನ ಬೆಟ್ಟಿಂಗ್ ಆ್ಯಪ್ ಬಗ್ಗೆ ಬರಹ ಬಂದರೆ ಡೊಮೇನಿನ ಗಡುವು ಮುಗಿದು ಬೇರೆಯವರು ಕೊಂಡಿದ್ದಾರೆಂದೇ ತಿಳಿಯಿರಿ. ಅದನ್ನು ಕೂಡಲೇ ತೆಗೆಯಿರಿ. ಹಳೆಯ ಬರಹಗಳು, ವೆಬ್ ಪುಟಗಳ ಪ್ರತಿ ಉಳಿಸಿಡುವ ವೇಬ್ಯಾಕ್ ಮಷೀನಿನಲ್ಲಿ ಸಿಗಬಹುದು.

ಬ್ಲಾಗಿನಲ್ಲಿ ‘ಇಮೇಲ್ ಮೂಲಕ ಪಡೆಯಿರಿ’ ಎಂಬ ಹಳೆಯ ಫೀಡ್‌ಬರ್ನರ್ ಪೆಟ್ಟಿಗೆ ಕಂಡರೆ ನಂಬಬೇಡಿ. ಆ ಇಮೇಲ್ ಸೇವೆಯನ್ನು ಗೂಗಲ್ 2021ರಲ್ಲಿ ನಿಲ್ಲಿಸಿತು, ಪೆಟ್ಟಿಗೆಗಳು ಮಾತ್ರ ಹಾಗೇ ಉಳಿದಿವೆ.

ರೀಡರಿನೊಳಗೆ ಪದ ಹುಡುಕುವಾಗ ‘ಸಾಫ್ಟ್‌ವೇರ್’ ಥರದ ಪದ ಸಿಗದೆ ಹೋಗುವುದುಂಟು. ಟ್ ಮತ್ತು ವೇ ನಡುವೆ ಒತ್ತಕ್ಷರವಾಗದಂತೆ ತಡೆಯುವ ಕಾಣದ ಅಕ್ಷರವೊಂದನ್ನು ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ‘ಸಾಫ್ಟ್’ ಎಂದಷ್ಟೇ ಹುಡುಕಿದರೆ ಎರಡೂ ಸಿಗುತ್ತವೆ.

ಜೋಡಿಸುವಾಗ

ವಿಷಯವಾರು ಫೋಲ್ಡರ್ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುತ್ತದೆ. ನಮ್ಮ ಪ್ರಕಾರ ಅದು ತಪ್ಪು ದಾರಿ. ಖಾಸಗಿ ಬ್ಲಾಗಿನವರು ಇವತ್ತು ನಾಯಿಯ ಬಗ್ಗೆ, ನಾಳೆ ಜಿಎಸ್‌ಟಿ ಬಗ್ಗೆ ಬರೆಯುತ್ತಾರೆ. ಓದುವ ಖುಷಿಯೂ ಅದೇ. ಎಷ್ಟು ಸಲ ಬರೆಯುತ್ತಾರೆ ಎಂಬುದರ ಮೇಲೆ ವಿಂಗಡಿಸಿ. ‘ಅಪರೂಪ’ ಎಂಬ ಫೋಲ್ಡರ್ ಮೇಲಿರಲಿ, ತಿಂಗಳಿಗೊಂದಕ್ಕಿಂತ ಕಡಿಮೆ ಬರೆಯುವವರೆಲ್ಲ ಅದರಲ್ಲಿ. ವಾರಕ್ಕೊಂದು ಬರೆಯುವವರು ಅದರ ಕೆಳಗೆ. ದಿನಾ ಬರೆಯುವವರು ಕೊನೆಗೆ, ಅದೂ ಓದಲು ಪುರುಸೊತ್ತಿದ್ದರೆ. ಪತ್ರಿಕೆಗಳ ಸುದ್ದಿ ಫೀಡನ್ನು ಇದೇ ರೀಡರಿಗೆ ಸೇರಿಸಲೇಬೇಡಿ. ದಿನಕ್ಕೆ ನೂರು ಸುದ್ದಿಯ ನಡುವೆ ವರ್ಷಕ್ಕೆ ನಾಲ್ಕು ಬರೆಯುವವರು ಮುಳುಗಿಹೋಗುತ್ತಾರೆ.

ಹೊಸ ಬ್ಲಾಗನ್ನು ಮೊದಲು ‘ನೋಡೋಣ’ ಎಂಬ ಫೋಲ್ಡರಿಗೆ ಹಾಕಿ. ಮೂರು ಬರಹ ಬರುವವರೆಗೆ ಅಲ್ಲೇ ಇರಲಿ. ಮೂರರಲ್ಲಿ ಒಂದನ್ನಾದರೂ ಕೊನೆಯವರೆಗೆ ಓದಿದ್ದರೆ ಉಳಿಸಿಕೊಳ್ಳಿ.

ತಿಂಗಳಿಗೊಮ್ಮೆ ರೀಡರಿನ ಫೀಡ್ ಪಟ್ಟಿಯನ್ನು ಓಪಿಎಂಎಲ್ ಎಂಬ ಬಗೆಯ ಕಡತವಾಗಿ ರಫ್ತು ಮಾಡಿ ಬೇರೆ ಕಡೆ ಇಟ್ಟುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಪೋರ್ಟ್ ಎಂದಿರುತ್ತದೆ. ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿದಾಗ ಪಟ್ಟಿ ಇಳಿಸಿಕೊಂಡಿದ್ದವರು ಅದನ್ನು ಬೇರೆ ರೀಡರಿಗೆ ಸೇರಿಸಿ ಓದು ಮುಂದುವರಿಸಿದರು. ಹೊಸ ರೀಡರಿಗೆ ಸೇರಿಸುವಾಗ ಫೋಲ್ಡರುಗಳೂ ಜೊತೆಗೆ ಬರುತ್ತವೆ. ಯಾವುದನ್ನು ಓದಿದ್ದೀರಿ, ಯಾವುದಕ್ಕೆ ನಕ್ಷತ್ರ ಹಾಕಿದ್ದೀರಿ ಎಂಬುದು ಬರುವುದಿಲ್ಲ. ಬೇಕಾದ ಬರಹವನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ.

ನೀವೂ ಬ್ಲಾಗರಿನಲ್ಲಿ ಬರೆಯುವವರಾದರೆ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಫೀಡ್ ತೆರೆದು ‘ಪೂರ್ಣ’ ಎಂದಿದೆಯೇ ನೋಡಿ. ‘ಸಂಕ್ಷಿಪ್ತ’ ಎಂದಿದ್ದರೆ ರೀಡರಿನಲ್ಲಿ ಶುರುವಿನ ತುಣುಕಷ್ಟೇ ಕಾಣುತ್ತದೆ, ಓದುವವರು ಅಲ್ಲಿಗೇ ಬಿಟ್ಟು ಮುಂದಕ್ಕೆ ಹೋಗುತ್ತಾರೆ. ಪಕ್ಕದಲ್ಲಿ ಬ್ಲಾಗ್ ಪಟ್ಟಿಯ ಗ್ಯಾಜೆಟ್ಟನ್ನೂ ಹಾಕಿ, ಹತ್ತು ಹೆಸರಾದರೂ ಇರಲಿ, ವಿಂಗಡಣೆ ‘ಇತ್ತೀಚೆಗೆ ನವೀಕರಿಸಿದ್ದು’ ಎಂದಿರಲಿ.