ಬುದ್ಧಿ ಹೇಳುವ ಮೊದಲು ಕೋಣೆ ನೋಡಿ

ಧಾರವಾಡದ ಒಂದು ಹುಡುಗರ ಹಾಸ್ಟೆಲಿನಲ್ಲಿ ಒಂಬತ್ತು ವರ್ಷದಿಂದ ವಾರ್ಡನ್ ಆಗಿದ್ದೇನೆ. ಮೊದಲೆಲ್ಲ ಯಾವ ಹುಡುಗನಾದರೂ ಮಂಕಾಗಿ ಕೂತರೆ ಕರೆಸಿ ಬುದ್ಧಿ ಹೇಳುತ್ತಿದ್ದೆ. ಈಗ ಮೊದಲು ಅವನ ಕೋಣೆಗೆ ಹೋಗುತ್ತೇನೆ.

ಸವದತ್ತಿ ಕಡೆಯ ಬಿ.ಎಸ್ಸಿ. ಹುಡುಗನೊಬ್ಬ ಎರಡನೇ ಸೆಮಿಸ್ಟರಿನಲ್ಲಿ ಮಾತೇ ಬಿಟ್ಟ. ಕೇಳಿದರೆ "ಏನಿಲ್ರಿ ಸರ್" ಅಷ್ಟೆ. ಹೋಗಿ ನೋಡಿದೆ. ನಾಲ್ಕು ಮಂಚ, ಒಂದೇ ಕಿಟಕಿ, ಅದಕ್ಕೂ ಸೊಳ್ಳೆ ಬರುತ್ತವೆಂದು ರಟ್ಟು ಬಡಿದಿದ್ದರು. ಜೊತೆಯವರು ರಾತ್ರಿ ಎರಡರ ತನಕ ಓದುತ್ತಾರೆ, ಟ್ಯೂಬ್‌ಲೈಟ್ ಆರುವುದಿಲ್ಲ, ಇವನು ಅದರ ಕೆಳಗೇ ಮಗ್ಗುಲಾಗಿ ಮೊಬೈಲ್ ನೋಡುತ್ತಾ ಬಿದ್ದಿರುತ್ತಾನೆ, ಬೆಳಿಗ್ಗೆ ಏಳುವ ಹೊತ್ತಿಗೆ ಮೆಸ್ಸಿನಲ್ಲಿ ಉಪ್ಪಿಟ್ಟು ಖಾಲಿ. ದಿನದ ಮೊದಲ ತುತ್ತು ಮಧ್ಯಾಹ್ನ ಎರಡಕ್ಕೆ. ಹೀಗೆ ಮೂರು ತಿಂಗಳು ಕಳೆದರೆ ಯಾರ ಮನಸ್ಸು ತಾನೇ ನೆಟ್ಟಗಿರುತ್ತದೆ?

ಅವನನ್ನು ಪೂರ್ವಕ್ಕೆ ಕಿಟಕಿ ಇರುವ ಕೋಣೆಗೆ ಹಾಕಿದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿ ನಿದ್ದೆಯೂ ಹೊತ್ತಿಗೆ ಸರಿಯಾಗಿ ಬರುತ್ತದೆ. ಸ್ಟೋರ್ ರೂಮ್ ಖಾಲಿ ಮಾಡಿಸಿದೆ, ಹನ್ನೊಂದರ ಮೇಲೆ ಓದುವವರು ಅಲ್ಲಿ ಓದಲಿ ಅಂತ. ರಾತ್ರಿ ಒಂಬತ್ತರ ಚಹಾ ನಿಲ್ಲಿಸಿದೆ. ಚಹಾದಲ್ಲಿರುವ, ನಿದ್ದೆ ಓಡಿಸುವ ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಹುಡುಗರು ಸಿಟ್ಟಾದರು. ಬದಲಿಗೆ ಹಾಲು ಕೇಳಿದೆ, ಮೇಲಿನವರು ಒಪ್ಪಲಿಲ್ಲ, ಆ ಬೇಸರ ಇನ್ನೂ ಇದೆ.

ಹೊರಗಿನ ಊಟ ತರಬಾರದು ಎಂಬ ನಿಯಮವನ್ನೂ ಸಡಿಲಿಸಿದೆ. ಶನಿವಾರ ಅವನ ಅವ್ವ ಬಸ್ಸಿಗೆ ಬುತ್ತಿ ಇಡತೊಡಗಿದರು. ಬಿಳಿ ಬಟ್ಟೆಯ ಗಂಟು, ಕಟಕ್ ರೊಟ್ಟಿ, ಶೇಂಗಾ ಚಟ್ನಿ. ಇವನು ಬಸ್‌ಸ್ಟ್ಯಾಂಡಿಗೆ ಹೋಗಿ ತರುತ್ತಿದ್ದ. ಗಂಟು ಬಿಚ್ಚಿದರೆ ಆರು ಜನ ಸುತ್ತ ಕೂರುತ್ತಿದ್ದರು. ಅವನು ಮೊದಲು ನಕ್ಕಿದ್ದನ್ನು ನಾನು ನೋಡಿದ್ದು ಅಲ್ಲೇ.

ಎಲ್ಲರಿಗೂ ಇಷ್ಟೇ ಸಾಕಾಗುವುದಿಲ್ಲ. ಇನ್ನೊಬ್ಬನಿಗೆ ಒಳ್ಳೆ ಕೋಣೆ, ಹೊತ್ತಿಗೆ ಊಟ, ಆದರೂ ಸುಮ್ನೆ ಕೂತಲ್ಲೇ ಅಳುತ್ತಿದ್ದ. ನನ್ನ ಆಫೀಸಿನಲ್ಲೇ ಕೂರಿಸಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಹಚ್ಚಿಕೊಟ್ಟು ನಾನು ಹೊರಗೆ ನಿಂತೆ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆಮೇಲೆ ಇಲ್ಲಿನ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಜೊತೆಗೇ ಹೋಗಿ ಅವನ ಹೆಸರು ಕರೆಯುವ ತನಕ ಕೂತಿದ್ದೆ. ಮೊದಮೊದಲು ಹಾಸ್ಟೆಲಿನ ಪುಸ್ತಕದಲ್ಲಿ ಹೊರಗೆ ಹೋಗುವ ಕಾರಣ "ಬ್ಯಾಂಕ್ ಕೆಲಸ" ಅಂತ ಬರೆಯುತ್ತಿದ್ದ. ಹೋದ ತಿಂಗಳು "ಆಸ್ಪತ್ರೆ" ಎಂದೇ ಬರೆದು ಪೆನ್ನು ನನ್ನ ಕೈಗೆ ಕೊಟ್ಟ.