ಬಾಖ್‌ನ ಆರಿಯಾಕ್ಕೆ ದೃಶ್ಯವೊಂದನ್ನು ಹೊಂದಿಸಿದ ಬಗೆ

ಹೊಸದಾಗಿ ಬರೆಸಿದ ಹಿನ್ನೆಲೆ ಸಂಗೀತವನ್ನು ದೃಶ್ಯದ ಉದ್ದಕ್ಕೆ ತಕ್ಕಂತೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಮೊದಲೇ ಇರುವ ಶಾಸ್ತ್ರೀಯ ಕೃತಿಯಾದರೋ ತನ್ನದೇ ಕಾಲಗತಿಯೊಂದಿಗೆ ಬರುತ್ತದೆ, ಹಾಗಾಗಿ ಅಲ್ಲಿ ಬಗ್ಗಬೇಕಾದುದು ದೃಶ್ಯವೇ. ನಾನು ನಿರ್ದೇಶಿಸಿ ಸಂಕಲಿಸಿದ ಕಿರುಚಿತ್ರದಲ್ಲಿ, ತೀರಿಕೊಂಡ ತಂದೆಯ ಪುಸ್ತಕ ಕಟ್ಟುವ ಕೋಣೆಯನ್ನು ಮಗಳು ಖಾಲಿ ಮಾಡುವ ಮಾತಿಲ್ಲದ ದೃಶ್ಯವೊಂದಿದೆ. ಅದಕ್ಕೆ ಹದಿನೆಂಟನೆಯ ಶತಮಾನದ ಜರ್ಮನ್ ಸಂಯೋಜಕ ಬಾಖ್‌ನ ಕೀಬೋರ್ಡ್ ಕೃತಿ ಗೋಲ್ಡ್‌ಬರ್ಗ್ ವೇರಿಯೇಷನ್ಸ್‌ನ ಆರಂಭದಲ್ಲಿ ಬರುವ ಪುಟ್ಟ ರಚನೆಯಾದ ಆರಿಯಾವನ್ನು ಆರಿಸಿಕೊಂಡೆ.

ಆಯ್ಕೆಯಲ್ಲಿ ನಾನು ಮೊದಲು ನೋಡುವುದು, ಆ ಕೃತಿ ಈಗಾಗಲೇ ಬೇರೊಂದು ಚಿತ್ರದ ಪಾಲಾಗಿದೆಯೇ ಎಂಬುದನ್ನು. 1968ರಲ್ಲಿ ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ '2001: ಎ ಸ್ಪೇಸ್ ಒಡಿಸಿ'ಗಾಗಿ ಅಲೆಕ್ಸ್ ನಾರ್ತ್ ರಚಿಸಿದ್ದ ಸಂಗೀತವನ್ನು ಕೈಬಿಟ್ಟು, ಸಂಕಲನದ ವೇಳೆ ತಾತ್ಕಾಲಿಕವಾಗಿ ಜೋಡಿಸಿಕೊಂಡಿದ್ದ ಶಾಸ್ತ್ರೀಯ ಕೃತಿಗಳನ್ನೇ ಉಳಿಸಿಕೊಂಡರು, ಅಂದಿನಿಂದ ಆ ಚಿತ್ರದಲ್ಲಿ ಬಳಸಿದ ರಿಚರ್ಡ್ ಸ್ಟ್ರೌಸ್‌ನ ಕೃತಿಯ ಆರಂಭದ ತುತ್ತೂರಿಗಳನ್ನು ಕೇಳಿದವರಿಗೆ ಬಾಹ್ಯಾಕಾಶವೇ ಕಣ್ಣಿಗೆ ಕಟ್ಟುತ್ತದೆ. ಆರಿಯಾವನ್ನೂ ಹಲವು ಚಿತ್ರಗಳು ಬಳಸಿವೆಯಾದರೂ ಯಾವುದೂ ಅದನ್ನು ಅಷ್ಟು ಪೂರ್ಣವಾಗಿ ತನ್ನದಾಗಿಸಿಕೊಂಡಿಲ್ಲ ಎಂಬುದು ನನ್ನ ಅಭಿಪ್ರಾಯ.

ಕೃತಿ ಒಂದೇ ಆದರೂ ನುಡಿಸಿದವರು ಬದಲಾದರೆ, ಅಷ್ಟೇಕೆ, ನುಡಿಸಿದವರ ವಯಸ್ಸು ಬದಲಾದರೂ ದೃಶ್ಯ ಬದಲಾಗುತ್ತದೆ. ಪಿಯಾನೋ ವಾದಕ ಗ್ಲೆನ್ ಗೌಲ್ಡ್ 1955ರ ಧ್ವನಿಮುದ್ರಣದಲ್ಲಿ ಇದೇ ಆರಿಯಾವನ್ನು ಎರಡು ನಿಮಿಷದೊಳಗೆ ಮುಗಿಸಿದ್ದರು. 1981ರಲ್ಲಿ ಅದೇ 32 ಬಾರ್‌ಗಳಿಗೆ (ಬಾರ್ ಎಂದರೆ ತಾಳದ ಒಂದು ಆವರ್ತದಂಥ ಅಳತೆ) ಮೂರು ನಿಮಿಷಕ್ಕೂ ಹೆಚ್ಚು ತೆಗೆದುಕೊಂಡರು. ಇವೆರಡನ್ನೂ ಕಚ್ಚಾ ದೃಶ್ಯಗಳ ಕೆಳಗಿಟ್ಟು ನೋಡಿದಾಗ, ಮೊದಲನೆಯದರಲ್ಲಿ ಮಗಳು ಕೆಲಸ ಮುಗಿಸುವ ಅವಸರದಲ್ಲಿರುವಂತೆಯೂ, ಎರಡನೆಯದರಲ್ಲಿ ಪ್ರತಿ ವಸ್ತುವಿನ ಮುಂದೆ ತಡೆದು ನಿಲ್ಲುವಂತೆಯೂ ಕಂಡಳು. ನನಗೆ ಬೇಕಿದ್ದುದು ಇವೆರಡರ ನಡುವಿನ ಗತಿ.

ಆರಿಯಾದ ಮೊದಲ 16 ಬಾರ್‌ಗಳು ಮುಗಿಯದಂತೆ ಕೇಳುವ ಪಂಚಮದಲ್ಲಿ ನಿಲ್ಲುತ್ತವೆ, ಉಳಿದ 16 ಷಡ್ಜಕ್ಕೆ ಮರಳುತ್ತವೆ. ಎರಡೂ ಭಾಗಗಳನ್ನು ಎರಡೆರಡು ಸಲ ನುಡಿಸಬೇಕೆಂದು ಬಾಖ್ ಸೂಚಿಸಿದ್ದಾನೆ. ನನ್ನ ದೃಶ್ಯದಲ್ಲಿ ಮಗಳ ಕೆಲಸ ಅಂದಿಗೆ ಮುಗಿಯುವುದಿಲ್ಲ. ಆದ್ದರಿಂದ ಮೊದಲ ಭಾಗವನ್ನೇ ಎರಡು ಸಲ ಬಳಸಿ, ಪಂಚಮದಲ್ಲೇ ನಿಲ್ಲಿಸಿದೆ. ಮೊದಲ ಸಲ ಕೈಗಳು ಮತ್ತು ವಸ್ತುಗಳು, ಮರಳಿ ಬಂದಾಗ ಅದೇ ಸ್ವರಗಳಿಗೆ ಅವಳ ಮುಖ. ದೃಶ್ಯವನ್ನು ಉದ್ದಮಾಡಲು ಸಂಗೀತವನ್ನು ಎಲ್ಲಿಯೂ ಕತ್ತರಿಸಿ ಅಂಟಿಸಬೇಕಾಗಲಿಲ್ಲ.

ಇದು ಸರಬಂದ್ ಎಂಬ ಹಳೆಯ ಯುರೋಪಿಯನ್ ನೃತ್ಯದ ಮೂರೆಣಿಕೆಯ ಲಯ. ಒತ್ತು ಎರಡನೆಯ ಎಣಿಕೆಯ ಕಡೆ ವಾಲುತ್ತದೆ. ಪ್ರತಿ ಬಾರ್‌ನ ಮೊದಲ ಎಣಿಕೆಗೇ ಕಟ್ ಇಟ್ಟರೆ ಚಿತ್ರ ಕವಾಯತು ಮಾಡಿದಂತೆ ಕಾಣುತ್ತದೆ. ಅದಕ್ಕಾಗಿ ಕಟ್‌ಗಳನ್ನು ಸ್ವರವಾಕ್ಯ ಮುಗಿಯುವ ಮುನ್ನವೇ ಇಟ್ಟು, ನೂಲಿನ ಉಂಡೆಯನ್ನು ಮೇಜಿನ ಮೇಲಿಡುವ ಚಲನೆಯನ್ನು ಮಾತ್ರ ಎರಡನೆಯ ಎಣಿಕೆಗೆ ಹೊಂದಿಸಿದೆ. ಆ ಸದ್ದು ಸಂಗೀತದೊಳಗೇ ಹುಟ್ಟಿದಂತೆ ಕೇಳಿಸಿತು.

ಹಕ್ಕಿನ ವಿಷಯವನ್ನು ಹೇಳದೆ ಬಿಡುವಂತಿಲ್ಲ. ಬಾಖ್‌ನ ರಚನೆಗೆ ಈಗ ಹಕ್ಕುಸ್ವಾಮ್ಯವಿಲ್ಲ. ಆದರೆ ಒಂದೊಂದು ಧ್ವನಿಮುದ್ರಣಕ್ಕೂ ಬೇರೆಯೇ ಹಕ್ಕು ಇರಬಹುದು, ಪ್ರಸಿದ್ಧವಾದುದಕ್ಕೆ ಪರವಾನಗಿ ಪಡೆಯುವುದು ದುಬಾರಿ. ನಾನು ಪಿಯಾನೋ ವಾದಕಿಯೊಬ್ಬರಿಂದ ನುಡಿಸಿ ಧ್ವನಿಮುದ್ರಿಸಿಕೊಂಡೆ; ಗತಿ ಅಳೆಯುವ ಮೆಟ್ರೋನೋಮ್ ಸಾಧನ ಇಡದೆ, ಸಂಕಲಿಸಿದ ದೃಶ್ಯವನ್ನು ಒಮ್ಮೆ ತೋರಿಸಿ, ಅವರ ಉಸಿರಿಗೆ ಬಿಟ್ಟೆ. ಬಳಿಕ ಅವರ ಗತಿಗೆ ತಕ್ಕಂತೆ ಶಾಟ್‌ಗಳ ಉದ್ದವನ್ನು ತಿದ್ದಿದೆ. ಚಿತ್ರೋತ್ಸವ ಮತ್ತು ಆನ್‌ಲೈನ್ ಪ್ರದರ್ಶನ ಎರಡಕ್ಕೂ ಧ್ವನಿಮುದ್ರಣಕ್ಕೆ ಮೊದಲೇ ಲಿಖಿತ ಒಪ್ಪಿಗೆ ಪಡೆದೆ, ಏಕೆಂದರೆ ನಂತರ ಧ್ವನಿಮುದ್ರಣ ಬದಲಿಸಬೇಕಾಗಿ ಬಂದರೆ ಇಡೀ ದೃಶ್ಯವನ್ನೇ ಮತ್ತೆ ಸಂಕಲಿಸಬೇಕಾಗುತ್ತದೆ.