ಟರ್ನ್‌ಟೇಬಲ್ ಕೊಳ್ಳುವ ಮೊದಲು ಮನೆಯ ನೆಲ ತುಳಿದು ನೋಡಿ

ಕೊಡಗಿನ ಹಳೆಯ ಮನೆಗಳ ಅಟ್ಟದಲ್ಲಿ ಟ್ರಂಕು ಬಿಚ್ಚಿದರೆ ಎಲ್‌ಪಿ ರೆಕಾರ್ಡುಗಳು ಸಿಗುವುದು ಅಪರೂಪವಲ್ಲ. ಪಟ್ಟಾಳದಲ್ಲಿದ್ದ ತಾತ ರಜೆಗೆ ಬರುವಾಗ ತಂದದ್ದೋ, ಮೈಸೂರಿನಲ್ಲಿ ಓದುತ್ತಿದ್ದ ಚಿಕ್ಕಪ್ಪ ಕೊಂಡದ್ದೋ ಇರುತ್ತವೆ. ಇವನ್ನು ಕೇಳಬೇಕಲ್ಲ ಎಂದು ಮೊಬೈಲಿನಲ್ಲಿ ಹುಡುಕಿದರೆ ತಲೆ ಕೆಡುವಷ್ಟು ಮಾಡೆಲ್‌ಗಳು. ನಿಮ್ಮಲ್ಲಿ ಆಂಪ್ಲಿಫೈಯರ್, ಸ್ಪೀಕರ್ ಇವೆ, ರೆಕಾರ್ಡ್ ತಿರುಗಿಸಿ ನುಡಿಸುವ ಯಂತ್ರಕ್ಕೆ, ಅಂದರೆ ಟರ್ನ್‌ಟೇಬಲ್‌ಗೆಂದು 30ರಿಂದ 60 ಸಾವಿರ ರೂಪಾಯಿ ಎತ್ತಿಟ್ಟಿದ್ದೀರಿ ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ. ಮಾಡೆಲ್ ಆಮೇಲೆ. ಮೊದಲು ಮನೆ ನೋಡಿ.

ಟ್ರಂಕಿನಲ್ಲಿ ಏನಿದೆ?

ದೊಡ್ಡ ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಚಿಕ್ಕವು ಸಾಮಾನ್ಯವಾಗಿ 45. ಕೈಯಲ್ಲಿ ಹಿಡಿದರೆ ಭಾರ ಎನಿಸುವ, ಬಿದ್ದರೆ ಗಾಜಿನಂತೆ ಒಡೆಯುವ ಅರಗಿನ ತಟ್ಟೆಗಳು 78. ಇವು ಇದ್ದರೆ 78ರ ವೇಗ ಇರುವ ಯಂತ್ರವೇ ಬೇಕು, ಜೊತೆಗೆ ಬೇರೆ ಮುಳ್ಳೂ (ಗೆರೆಯಲ್ಲಿ ಓಡುವ ಸೂಜಿ) ಬೇಕು. ಆ ತಟ್ಟೆಗಳ ಗೆರೆ ಅಗಲ, ಎಲ್‌ಪಿಯ ಸಣ್ಣ ಮುಳ್ಳು ಅದರ ತಳದಲ್ಲಿ ಅಲ್ಲಾಡುತ್ತಾ ಹೋಗುತ್ತದೆ. ಆಡಿಯೋ ಟೆಕ್ನಿಕಾದ ಎಲ್‌ಪಿ120ಎಕ್ಸ್ ಯುಎಸ್‌ಬಿಯಲ್ಲಿ ಮೂರೂ ವೇಗಗಳಿವೆ, ಅದರ ಕಾರ್ಟ್ರಿಜ್‌ಗೆ (ತೋಳಿನ ತುದಿಯಲ್ಲಿ ಮುಳ್ಳನ್ನು ಹಿಡಿದಿರುವ ಭಾಗ) 78ರ ಮುಳ್ಳನ್ನು ಬೇರೆಯಾಗಿ ಕೊಂಡು ಸಿಕ್ಕಿಸಬಹುದು.

ನೆಲ

ನಾನು ಎಡವಿದ್ದು ಇಲ್ಲೇ. ಮಹಡಿಯ ಹಲಗೆ ನೆಲದ ಕೋಣೆಯಲ್ಲಿ, ಚಂದದ ಬೀಟೆ ಮೇಜಿನ ಮೇಲೆ ಟರ್ನ್‌ಟೇಬಲ್ ಇಟ್ಟಿದ್ದೆ. ನಾಯಿ ಓಡಿದರೂ ಮುಳ್ಳು ಎರಡು ಗೆರೆ ಹಾರುತ್ತಿತ್ತು. ಯಂತ್ರವೇ ಕೆಟ್ಟಿದೆ ಎಂದು ತಿಂಗಳುಗಟ್ಟಲೆ ಬೈದೆ. ತಪ್ಪು ನೆಲದ್ದು. ನೀವು ಇಡಬೇಕೆಂದಿರುವ ಜಾಗದಲ್ಲಿ ಒಂದು ಲೋಟ ನೀರಿಟ್ಟು, ಪಕ್ಕದಲ್ಲಿ ಜೋರಾಗಿ ನಡೆಯಿರಿ. ನೀರು ಕುಣಿದರೆ ಸ್ಪ್ರಿಂಗ್ ಮೇಲೆ ಕೂರುವ ಮಾದರಿಗಳ ಆಸೆ ಬಿಡಿ. ಯಾವುದನ್ನೇ ಕೊಂಡರೂ ಗಟ್ಟಿ ಗೋಡೆಗೆ ಶೆಲ್ಫ್ ಹೊಡೆಸಿ, ರಸಮಟ್ಟ ಇಟ್ಟು ಸರಿಮಾಡಿ, ಅದರ ಮೇಲಿಡಿ. ಇನ್ನೂ ಹತ್ತು ಸಾವಿರ ಜಾಸ್ತಿ ಕೊಟ್ಟು ಮೇಲಿನ ಮಾಡೆಲ್ ತಂದರೂ ಇಷ್ಟು ಲಾಭ ಸಿಗಲಿಕ್ಕಿಲ್ಲ.

ಕರೆಂಟು

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ನೆಂಟರಿದ್ದ ಹಾಗೆ, ಬಂದಾಗ ಬಂತು. ಉಳಿದ ಹೊತ್ತು ಇನ್ವರ್ಟರ್. ಎಸಿ ಮೋಟರ್ ಇರುವ ಟರ್ನ್‌ಟೇಬಲ್ ಆದರೆ ಇನ್ವರ್ಟರ್ ಸೈನ್‌ವೇವ್ ಆಗಿರಲಿ. ಅಗ್ಗದ ಸ್ಕ್ವೇರ್‌ವೇವ್‌ನಲ್ಲಿ ಮೋಟರ್ ಗುಂಯ್ ಎನ್ನಬಹುದು.

ವಿದೇಶದ ನೆಂಟರ ಹತ್ತಿರ ಹಳೆಯದನ್ನು ತರಿಸುವವರು ಇಲ್ಲೊಂದು ಲೆಕ್ಕ ನೋಡಬೇಕು. ಅಮೆರಿಕದ ಕರೆಂಟು 60 ಹರ್ಟ್ಸ್, ನಮ್ಮದು 50. ಎಸಿ ಸಿಂಕ್ರೊನಸ್ ಮೋಟರ್‌ನ ವೇಗ ಈ ಹರ್ಟ್ಸ್ ಮೇಲೆಯೇ ನಿಂತಿದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. 33⅓ ತಿರುಗಬೇಕಾದ ತಟ್ಟೆ 28ರ ಆಸುಪಾಸಿಗೆ ಇಳಿದು, ಹಾಡುವವರಿಗೆ ನಿದ್ದೆ ಬಂದಂತೆ ಕೇಳುತ್ತದೆ.

ಬೆಲ್ಟೋ, ಡೈರೆಕ್ಟ್ ಡ್ರೈವೋ ಎಂಬ ಜಗಳಕ್ಕೆ ನಾನು ಜಾಸ್ತಿ ಹೋಗುವುದಿಲ್ಲ. ಬೆಲ್ಟ್ ಆದರೆ ಮೋಟರಿನ ನಡುಕ ತಟ್ಟೆಗೆ ತಲುಪುವುದು ಕಡಿಮೆ, ಆದರೆ ರಬ್ಬರ್ ಸಡಿಲವಾಗುತ್ತದೆ, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಮೋಟರೇ ನೇರವಾಗಿ ತಟ್ಟೆ ತಿರುಗಿಸುವ ಡೈರೆಕ್ಟ್ ಡ್ರೈವ್‌ನಲ್ಲಿ ಆ ರಗಳೆ ಇಲ್ಲ. ಈ ಬೆಲೆಯಲ್ಲಿ ಎರಡರಲ್ಲೂ ಒಳ್ಳೆಯವು ಇವೆ.

ತೋಳು ಮತ್ತು ಮುಳ್ಳು

ಹಣ ಹೋಗಬೇಕಾದದ್ದು ಇಲ್ಲಿಗೆ. ತೋಳಿನ ಹಿಂದೆ ತಿರುಗಿಸಬಹುದಾದ ತೂಕದ ಗುಂಡು ಇದೆಯೇ ನೋಡಿ. ಮುಳ್ಳು ಎಷ್ಟು ಗ್ರಾಂ ಒತ್ತಬೇಕೆಂದು ಅದೇ ತೀರ್ಮಾನಿಸುತ್ತದೆ. ಮಧ್ಯಮ ಬೆಲೆಯ ಮೂವಿಂಗ್ ಮ್ಯಾಗ್ನೆಟ್ (ಮುಳ್ಳಿನ ಜೊತೆ ಪುಟ್ಟ ಅಯಸ್ಕಾಂತ ಅಲ್ಲಾಡುವ) ಕಾರ್ಟ್ರಿಜ್‌ಗಳಿಗೆ ಅದು ಸಾಮಾನ್ಯವಾಗಿ 2 ಗ್ರಾಂ ಹತ್ತಿರ. ಸೂಟ್‌ಕೇಸ್ ಥರದ ಅಗ್ಗದ ಪ್ಲೇಯರ್‌ಗಳು ಇದರ ಎರಡು-ಮೂರು ಪಟ್ಟು ಒತ್ತುವುದೂ ಉಂಟು. ತಾತನ ರೆಕಾರ್ಡನ್ನು ಅದಕ್ಕೆ ಕೊಡಬೇಡಿ. ಕಡಿಮೆ ಒತ್ತಿದರೂ ಕ್ಷೇಮವಲ್ಲ, ಮುಳ್ಳು ಗೆರೆಯಲ್ಲಿ ಕೂರದೆ ಕುಪ್ಪಳಿಸಿ ಗೋಡೆಗಳನ್ನು ಕೆಡಿಸುತ್ತದೆ. ಒಡವೆ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ ಸಿಗುತ್ತದೆ, ಅದರಲ್ಲಿ ತೂಗಿ ನೋಡಿ.

ಮುಳ್ಳು ಸವೆಯುವ ವಸ್ತು. ದಿನಕ್ಕೊಂದು ಗಂಟೆ ಕೇಳಿದರೆ ಒಂದೆರಡು ವರ್ಷದಲ್ಲಿ ಬದಲಿಸಬೇಕಾದೀತು. ಹಾಗಾಗಿ ಅಂಗಡಿಯಲ್ಲಿ ಮೊದಲ ಪ್ರಶ್ನೆ ಇದಾಗಲಿ: ಇದರ ಮುಳ್ಳು ಬೇರೆಯಾಗಿ ಸಿಗುತ್ತದಾ, ಎಷ್ಟು? ಉತ್ತರ ತಡವರಿಸಿದರೆ ಮುಂದಿನದನ್ನು ನೋಡಿ.

ಬ್ಲೂಟೂತ್, ಯುಎಸ್‌ಬಿ ಇದ್ದರೆ ಇರಲಿ. ಅದಕ್ಕೆಂದೇ ಹಣ ಕೊಡಬೇಡಿ.

ಆಂಪ್ಲಿಫೈಯರ್ ಹಿಂದೆ ಇಣುಕಿ

ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನಿಂದ ಬರುವ ಸಿಗ್ನಲ್ ಸಾಮಾನ್ಯವಾಗಿ ಬರೀ 3ರಿಂದ 5 ಮಿಲಿವೋಲ್ಟ್. ರೆಕಾರ್ಡ್ ಕೊರೆಯುವಾಗ ಬೇಸ್ ಇಳಿಸಿ, ಟ್ರೆಬಲ್ ಏರಿಸಿರುತ್ತಾರೆ. ಸಿಗ್ನಲ್ ಹಿಗ್ಗಿಸಿ, ಈ ಏರಿಳಿತ ಸರಿಮಾಡಲು ಫೋನೋ ಸ್ಟೇಜ್ ಬೇಕು. ಆಂಪ್ಲಿಫೈಯರ್ ಹಿಂದೆ ‘ಫೋನೋ’ ಎಂಬ ಸಾಕೆಟ್ ಇದ್ದರೆ ಕೆಲಸ ಮುಗಿಯಿತು. ಇಲ್ಲದಿದ್ದರೆ ಒಳಗೇ ಫೋನೋ ಸ್ಟೇಜ್ ಇರುವ ಟರ್ನ್‌ಟೇಬಲ್ ಕೊಳ್ಳಿ, ಅಥವಾ ಬೇರೆ ಡಬ್ಬಿ ತನ್ನಿ. ಎರಡು ಫೋನೋ ಸ್ಟೇಜ್ ಒಂದರ ಹಿಂದೊಂದು ಬಂದರೆ ದನಿ ಒಡೆಯುತ್ತದೆ. ರೇಗಾ ಪ್ಲಾನರ್ 1ರಲ್ಲಿ ಇದು ಒಳಗಿಲ್ಲ, ಡಬ್ಬಿಯ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ಗ್ರೌಂಡ್ ವೈರ್ ಇದ್ದರೆ ಅದನ್ನು ಆಂಪ್ಲಿಫೈಯರಿನ ತಿರುಪಿಗೆ ಕಟ್ಟಿ. ಆಮೇಲೂ ಗುಂಯ್ ಎಂದರೆ ಮನೆಯ ಅರ್ಥಿಂಗ್ ನೋಡಿಸಿ. ಗುಡುಗು ಶುರುವಾದರೆ ಪ್ಲಗ್ ಕಿತ್ತುಬಿಡಿ.

ಬೂಷ್ಟು

ಹೊಸ ಮುಳ್ಳಿನಡಿ ಅಟ್ಟದ ರೆಕಾರ್ಡನ್ನು ಹಾಗೇ ಇಡಬೇಡಿ. ನಮ್ಮ ಥಂಡಿಗೆ ಬೂಷ್ಟು ಹಿಡಿದೇ ಇರುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ, ಮೆತ್ತಗಿನ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸಿ, ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಮ್ಮೆ ಒರೆಸಿ. ಲೇಬಲ್ ನೆನೆಯಬಾರದು. ಅರಗಿನ ತಟ್ಟೆಗೆ ಸ್ಪಿರಿಟ್ ಮುಟ್ಟಿಸಲೇಬೇಡಿ, ಕರಗುತ್ತದೆ. ಬೇಗ ಒಣಗಲಿ ಎಂದು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರೆ ಎಲ್‌ಪಿ ಹಪ್ಪಳದಂತೆ ಸೊಟ್ಟಗಾಗುತ್ತದೆ. ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಕಕ್ಕಡ ತಿಂಗಳ ಜಡಿಮಳೆ ಹಿಡಿದಿದ್ದರೆ ಒಂದು ರಾತ್ರಿ ಸಾಲದು, ಎರಡು ದಿನ ಬಿಟ್ಟು ಕವರಿಗೆ ಹಾಕಿ.